ಹಳೆಯ ಮಸಲ್ ಕಾರಿನ ರೇಸ್ ಎಂಜಿನ್‌ಗೆ ಆರ್‌ಪಿಎಂ ಮಿತಿ ನಿಗದಿಪಡಿಸುವ ಕ್ರಮ

1960ರ ದಶಕದ ಅಮೆರಿಕನ್ ವಿ-8 ಎಂಜಿನ್ನನ್ನು ರೇಸಿಗೆ ಅಣಿಗೊಳಿಸುವವರು ಮೊದಲು ಕೇಳುವುದು ಅದು ಎಷ್ಟು ಆರ್‌ಪಿಎಂವರೆಗೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತುಗಳವರೆಗೆ, ತಿರುಗಬಲ್ಲದು ಎಂದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಸುತ್ತುಗಳು ಏರುತ್ತ ಹೋದಂತೆ ಈ ಎಂಜಿನ್ನಿನ ಯಾವ ಭಾಗ ಮೊದಲು ಸೋಲುತ್ತದೆ, ಮತ್ತು ಆ ಹಂತ ತಲುಪುವ ಮೊದಲೇ ಶಕ್ತಿ ಇಳಿಮುಖವಾಗಿರುತ್ತದೆಯೇ ಎಂಬುದನ್ನು ತಿಳಿಯಬೇಕು. ಒಂದು ಎಂಜಿನ್‌ಗೆ ಒಂದೇ ಮಿತಿ ಇರುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ಒಂದು, ವಾಲ್ವ್ ಸ್ಪ್ರಿಂಗ್‌ಗೆ ಒಂದು, ಎಣ್ಣೆಯ ಪೂರೈಕೆಗೆ ಒಂದು, ಉಸಿರಾಟಕ್ಕೆ ಮತ್ತೊಂದು ಮಿತಿಯಿದ್ದು, ಇವುಗಳಲ್ಲಿ ಅತ್ಯಂತ ಕೆಳಗಿರುವುದೇ ನಿಜವಾದ ರೆಡ್‌ಲೈನ್. ಈ ಮಿತಿಗಳನ್ನು ಒಂದೊಂದಾಗಿ ಗುರುತಿಸಿ, ಅವುಗಳಿಂದ ಓಡಿಸಲು ಯೋಗ್ಯವಾದ ಒಂದು ಸಂಖ್ಯೆಯನ್ನು ಪಡೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮಸಲ್ ಕಾರುಗಳ, ಅಂದರೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಹೊತ್ತ ಅಮೆರಿಕನ್ ಕಾರುಗಳ, ರೇಸಿನಲ್ಲಿ ಹೆಚ್ಚಿನ ಆರ್‌ಪಿಎಂ ಎಂಬುದು ಮೂಲತಃ ನಿಯಮಪುಸ್ತಕದ ಕೂಸು. ಅಮೆರಿಕದ ಕಾರು ಕ್ರೀಡಾ ಸಂಸ್ಥೆ ಎಸ್‌ಸಿಸಿಎ 1966ರಲ್ಲಿ ಆರಂಭಿಸಿದ ಟ್ರಾನ್ಸ್-ಆಮ್ ರೇಸ್ ಸರಣಿಯ ದೊಡ್ಡ ವರ್ಗದಲ್ಲಿ ಎಂಜಿನ್ ಗಾತ್ರ 5 ಲೀಟರ್, ಅಂದರೆ ಸುಮಾರು 305 ಘನ ಇಂಚು ಮೀರುವಂತಿರಲಿಲ್ಲ. ಶಕ್ತಿಯೆಂದರೆ ಟಾರ್ಕ್ ಮತ್ತು ಸುತ್ತುಗಳ ಗುಣಲಬ್ಧ. ಗಾತ್ರಕ್ಕೆ ಕಟ್ಟು ಬಿದ್ದ ಮೇಲೆ ಟಾರ್ಕ್ ಹೆಚ್ಚಿಸುವ ದಾರಿ ಬಹುಪಾಲು ಮುಚ್ಚಿಹೋಗುವುದರಿಂದ ಸುತ್ತುಗಳನ್ನು ಏರಿಸುವುದೊಂದೇ ಉಳಿಯುತ್ತದೆ. ಷೆವ್ರೊಲೆಯವರು ತಮ್ಮ 327 ಘನ ಇಂಚಿನ ಎಂಜಿನ್ನಿನ 4.00 ಇಂಚಿನ ಬೋರ್‌ಗೆ (ಸಿಲಿಂಡರಿನ ವ್ಯಾಸ) 283ರ 3.00 ಇಂಚಿನ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ) ಜೋಡಿಸಿ 302 ಘನ ಇಂಚಿನ ಎಂಜಿನ್ ರೂಪಿಸಿ, 1967ರ ಕ್ಯಾಮರೊ ಜ಼ೆಡ್/28ರಲ್ಲಿ ಇಟ್ಟರು. ಫೋರ್ಡ್‌ನ ಬಾಸ್ 302 ಕೂಡ ಅದೇ 4.00 ಮತ್ತು 3.00 ಇಂಚಿನ ಅಳತೆಯದು. 1968 ಮತ್ತು 1969ರ ಪ್ರಶಸ್ತಿ ಕ್ಯಾಮರೊಗೆ, 1970ರದು ಮಸ್ಟ್ಯಾಂಗ್‌ಗೆ ದಕ್ಕಿತು. ಈ ಎರಡು ಎಂಜಿನ್ನುಗಳ ಕೀರ್ತಿಯಿಂದಾಗಿ ಹಳೆಯ ಅಮೆರಿಕನ್ ವಿ-8ಗಳೆಲ್ಲವೂ 8,000ದವರೆಗೆ ಕೂಗಬಲ್ಲವು ಎಂಬ ಭ್ರಮೆ ಬೆಳೆದಿದೆ. ಅದೇ ಕಾಲದ ಪಾಂಟಿಯಾಕ್ 455ರ ಸ್ಟ್ರೋಕ್ 4.21 ಇಂಚು. ಎರಡೂ ವಿ-8ಗಳೇ ಆದರೂ, ಒಂದಕ್ಕೆ ಒಪ್ಪುವ ಸಂಖ್ಯೆಯನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಉಳಿಯುವುದು ಚೂರುಗಳು ಮಾತ್ರ.

ಮೊದಲ ಲೆಕ್ಕ: ಪಿಸ್ಟನ್ನಿನ ವೇಗ

ಎಂಜಿನ್ನನ್ನು ಬಿಚ್ಚುವ ಮೊದಲೇ ಮಾಡಬಹುದಾದ ಲೆಕ್ಕವೊಂದಿದೆ. ಒಂದು ಸುತ್ತಿನಲ್ಲಿ ಪಿಸ್ಟನ್ ಸ್ಟ್ರೋಕಿನ ಎರಡು ಪಟ್ಟು ದೂರ ಚಲಿಸುತ್ತದೆ. ಆದ್ದರಿಂದ ಮೀಟರಿನಲ್ಲಿ ಅಳೆದ ಸ್ಟ್ರೋಕನ್ನು ಎರಡರಿಂದ ಗುಣಿಸಿ, ಅದನ್ನು ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ದೊರೆಯುತ್ತದೆ. ಕಾರ್ಖಾನೆಯಿಂದ ಬಂದ ರಾಡ್ ಮತ್ತು ಎರಕದ ಪಿಸ್ಟನ್‌ಗಳಿರುವ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 17.8 ಮೀಟರ್, ಅಂದರೆ ನಿಮಿಷಕ್ಕೆ 3,500 ಅಡಿ, ಎಚ್ಚರಿಕೆಯ ಗೆರೆ ಎಂದು ಹಳಬರು ಪರಿಗಣಿಸುತ್ತಾರೆ. ಒಳ್ಳೆಯ ಫೋರ್ಜ್ ಮಾಡಿದ (ಕಾಯಿಸಿ ಒತ್ತಿ ರೂಪಿಸಿದ) ಪಿಸ್ಟನ್, ಸಿದ್ಧಪಡಿಸಿದ ರಾಡ್ ಮತ್ತು ಹೊಸ ಬೋಲ್ಟ್‌ಗಳಿದ್ದರೆ ಸೆಕೆಂಡಿಗೆ 20.3 ಮೀಟರ್, ಅಂದರೆ ನಿಮಿಷಕ್ಕೆ 4,000 ಅಡಿಯವರೆಗೆ ಹೋಗುವುದು ವಾಡಿಕೆ.

ಈ ಎರಡನೆಯ ಗೆರೆಯನ್ನು ಪರಿಚಿತ ಎಂಜಿನ್ನುಗಳ ಮೇಲೆ ಎಳೆದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 3.00 ಇಂಚು ಸ್ಟ್ರೋಕಿನ 302 ಅದನ್ನು ಮುಟ್ಟುವುದು 8,000 ಆರ್‌ಪಿಎಂನಲ್ಲಿ. 3.48 ಇಂಚಿನ ಷೆವ್ರೊಲೆ 350ಕ್ಕೆ ಅದು ಸುಮಾರು 6,900, 3.75 ಇಂಚಿನ ಕ್ರೈಸ್ಲರ್ 426 ಹೆಮಿಗೆ 6,400, 4.00 ಇಂಚಿನ ಷೆವ್ರೊಲೆ 454ಕ್ಕೆ 6,000. ಪಾಂಟಿಯಾಕ್ 455ಕ್ಕೆ 5,700. ಅಂದಿನ ಕಾರ್ಖಾನೆ ತಂಡಗಳು ಈ ಗೆರೆಯನ್ನು ದಾಟಿ ಓಡಿಸಿದ್ದುಂಟು, ಇಂದಿನ ಉತ್ತಮ ಉಕ್ಕಿನ ಬಿಡಿಭಾಗಗಳಿಂದ ಇನ್ನೂ ದೂರ ಹೋಗಬಹುದೆಂಬುದೂ ನಿಜ. ಆದರೆ ಆ ತಂಡಗಳು ಎಂಜಿನ್ನನ್ನು ಒಂದು ರೇಸಿನ ಸರಕೆಂದು ಭಾವಿಸಿದ್ದವು. ಇಂದು ಹಳೆಯ ಕಾರುಗಳ ರೇಸಿನಲ್ಲಿ ಓಡಿಸುವವರು ಅದೇ ಬ್ಲಾಕನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕು, ಮತ್ತು ಆ ಕಾಲದ ಮೂಲ ಬ್ಲಾಕ್‌ಗಳು ಈಗ ಹೊಸದಾಗಿ ಹುಟ್ಟುವುದಿಲ್ಲ.

ಎಳೆತದ ಬಲ

ಸರಾಸರಿ ವೇಗ ಒಂದು ಸೂಚಕ ಮಾತ್ರ. ರಾಡನ್ನು ಮುರಿಯುವುದು ವೇಗವಲ್ಲ, ವೇಗದ ಬದಲಾವಣೆ. ಪಿಸ್ಟನ್ ಮೇಲ್ತುದಿ ತಲುಪಿ, ಒಂದು ಕ್ಷಣ ನಿಂತು, ಹಿಂದಕ್ಕೆ ತಿರುಗುವಾಗ ಅದರ ಜಡತ್ವದ ಎಳೆತವೆಲ್ಲ ರಾಡಿನ ಮೇಲೂ ಕೆಳಗಿನ ಕ್ಯಾಪನ್ನು ಹಿಡಿದಿರುವ ಎರಡು ಬೋಲ್ಟ್‌ಗಳ ಮೇಲೂ ಬೀಳುತ್ತದೆ. 5.7 ಇಂಚಿನ ರಾಡಿರುವ ಷೆವ್ರೊಲೆ 302ರಲ್ಲಿ 7,000 ಆರ್‌ಪಿಎಂ ಹೊತ್ತಿಗೆ ಈ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಸುಮಾರು 2,600 ಪಟ್ಟು ಆಗುತ್ತದೆ. ಪಿಸ್ಟನ್, ಪಿನ್ ಮತ್ತು ರಿಂಗ್‌ಗಳು ಸೇರಿ 700 ಗ್ರಾಂ ತೂಗುತ್ತವೆಂದು ಹಿಡಿದರೆ ರಾಡನ್ನು ಎಳೆಯುವ ಬಲ ಸುಮಾರು 1,850 ಕಿಲೋ ಭಾರಕ್ಕೆ ಸಮ. 8,000 ಆರ್‌ಪಿಎಂನಲ್ಲಿ ಅದು 2,400 ಕಿಲೋ ದಾಟುತ್ತದೆ. ಸುತ್ತುಗಳು ಏರಿದ್ದು ನೂರಕ್ಕೆ 14ರಷ್ಟು, ಬಲ ಏರಿದ್ದು ನೂರಕ್ಕೆ 30ರಷ್ಟು. ಬಲವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ದಹನದ ಹೊತ್ತಿನಲ್ಲಿ ಅನಿಲದ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದರಿಂದ ಮೇಲ್ಮುಖ ಜಡತ್ವಕ್ಕೆ ಅದು ಎದುರಾಗಿ ನಿಲ್ಲುತ್ತದೆ, ರಾಡಿನ ಮೇಲಿನ ಎಳೆತ ತಗ್ಗುತ್ತದೆ. ಹೊಗೆ ಹೊರಹೋಗುವ ಸ್ಟ್ರೋಕಿನ ತುದಿಯಲ್ಲಿ ಅಂತಹ ಆಸರೆ ಏನೂ ಇರುವುದಿಲ್ಲ. 7,000 ಆರ್‌ಪಿಎಂನಲ್ಲಿ ಪ್ರತಿ ರಾಡೂ ಸೆಕೆಂಡಿಗೆ 58 ಬಾರಿ ಈ ಆಸರೆಯಿಲ್ಲದ ಎಳೆತವನ್ನು ತಾಳಿಕೊಳ್ಳಬೇಕು. ಚಾಲಕ ದೀರ್ಘ ನೇರದಾರಿಯ ಕೊನೆಯಲ್ಲಿ ಥ್ರಾಟಲ್ ಬಿಟ್ಟಾಗ ದಹನದ ಒತ್ತಡ ತಗ್ಗಿ ಎರಡೂ ಮೇಲ್ತುದಿಗಳು ಹೆಚ್ಚುಕಡಿಮೆ ಹೀಗೆಯೇ ಆಗುತ್ತವೆ. ಪೂರ್ಣ ಥ್ರಾಟಲಿನಲ್ಲಿ ತಾಳಿಕೊಂಡ ಎಂಜಿನ್ ಬ್ರೇಕ್ ಹಾಕುವ ಕ್ಷಣದಲ್ಲಿ ರಾಡನ್ನು ಹೊರಗೆಸೆಯುವುದನ್ನು ಕಂಡು ಬೆರಗಾಗುವವರಿಗೆ ಉತ್ತರ ಇಲ್ಲಿದೆ.

ಸರಾಸರಿ ವೇಗದ ಲೆಕ್ಕ ಮುಚ್ಚಿಡುವ ಇನ್ನೊಂದು ಸಂಗತಿಯೂ ಇದೆ. 302 ಎಂಜಿನ್ 8,000ದಲ್ಲಿ ಮತ್ತು 454 ಎಂಜಿನ್ 6,000ದಲ್ಲಿ ಒಂದೇ ಪಿಸ್ಟನ್ ವೇಗ ಹೊಂದಿದ್ದರೂ ವೇಗೋತ್ಕರ್ಷ ಒಂದೇ ಅಲ್ಲ. ಮೊದಲನೆಯದರಲ್ಲಿ ಅದು ಗುರುತ್ವದ ಸುಮಾರು 3,400 ಪಟ್ಟು, ಎರಡನೆಯದರಲ್ಲಿ 2,700 ಪಟ್ಟು. ಹಾಗೆಂದು ದೊಡ್ಡ ಎಂಜಿನ್ ನಿರಾಳವಾಗಿದೆ ಎನ್ನುವಂತಿಲ್ಲ, ಏಕೆಂದರೆ ಅದರ ಪಿಸ್ಟನ್ ಹೆಚ್ಚು ತೂಗುತ್ತದೆ. ಆದ್ದರಿಂದ ಪಿಸ್ಟನ್ ಆಯ್ಕೆ ಮಾಡುವಾಗ ಪಟ್ಟಿಯಲ್ಲಿ ಮೊದಲು ನೋಡಬೇಕಾದ ಸಂಖ್ಯೆ ಕಂಪ್ರೆಶನ್ ಅನುಪಾತವಲ್ಲ, ತೂಕ. ನೂರು ಗ್ರಾಂ ಇಳಿಸಿದರೆ ಆಗುವ ಉಪಕಾರ, ಅಷ್ಟೇ ಹಣಕ್ಕೆ ಬರುವ ಬೇರಾವ ಬಿಡಿಭಾಗದಿಂದಲೂ ಆಗದು.

ರಾಡ್‌ಗಳ ವಿಷಯದಲ್ಲಿ ಮಾಡಬೇಕಾದ ಕೆಲಸ ಹೀಗಿದೆ. ನಿಯಮ ಅನುಮತಿಸಿದರೆ ಹೊಸ ಫೋರ್ಜ್ ಮಾಡಿದ ಉಕ್ಕಿನ ರಾಡ್‌ಗಳನ್ನೇ ಹಾಕಬೇಕು. ಹಳೆಯ ರಾಡ್‌ಗಳನ್ನೇ ಬಳಸಬೇಕಾದರೆ ಅವನ್ನು ಕಾಂತೀಯ ಪರೀಕ್ಷೆಗೆ ಒಳಪಡಿಸಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ಬೋಲ್ಟ್ ಹಾಕಿ, ಆ ಬೋಲ್ಟ್ ಬಿಗಿದ ಸ್ಥಿತಿಯಲ್ಲಿಯೇ ದೊಡ್ಡ ತುದಿಯ ರಂಧ್ರವನ್ನು ಮತ್ತೆ ದುಂಡಗೆ ಹೋನ್ ಮಾಡಿಸಬೇಕು. ಮೊದಲ ತಲೆಮಾರಿನ ಸಣ್ಣ ಜರ್ನಲ್‌ನ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ದುಂಡು ಭಾಗ) ಷೆವ್ರೊಲೆ ರಾಡ್‌ಗಳಲ್ಲಿ ಬೋಲ್ಟ್ 11/32 ಇಂಚಿನದಾಗಿತ್ತು, ನಂತರದವುಗಳಲ್ಲಿ 3/8 ಇಂಚಿನದು. ಈ ವ್ಯತ್ಯಾಸವನ್ನು ಕಡೆಗಣಿಸಬಾರದು. ಪಾಂಟಿಯಾಕ್‌ನ ಸಾಮಾನ್ಯ 455ಗಳಲ್ಲಿದ್ದ ಎರಕದ ರಾಡ್‌ಗಳನ್ನು ರೇಸಿನ ಎಂಜಿನ್‌ನಲ್ಲಿ ಇಡುವುದು ನನ್ನ ಮಟ್ಟಿಗೆ ಚರ್ಚೆಗೇ ಬಾರದ ವಿಷಯ. ಬೋಲ್ಟನ್ನು ಟಾರ್ಕ್ ರೆಂಚ್ ನಂಬಿ ಬಿಗಿಯುವುದಕ್ಕಿಂತ ಅದರ ಹಿಗ್ಗುವಿಕೆಯನ್ನು ಗೇಜಿನಿಂದ ಅಳೆದು ಬಿಗಿಯುವುದು ಮೇಲು, ಏಕೆಂದರೆ ಟಾರ್ಕಿನ ಬಹುಭಾಗ ಘರ್ಷಣೆಯಲ್ಲಿಯೇ ಕಳೆದುಹೋಗುತ್ತದೆ. ಪ್ರತಿ ಬೋಲ್ಟಿನ ಬಿಡಿ ಉದ್ದವನ್ನು ಬಿಗಿಯುವ ಮೊದಲು ಬರೆದಿಟ್ಟುಕೊಂಡರೆ ಮುಂದೆ ಬಿಚ್ಚಿದಾಗ ಹೋಲಿಸಬಹುದು, ಉದ್ದ 0.001 ಇಂಚು, ಅಂದರೆ 0.025 ಮಿಲಿಮೀಟರ್ ಶಾಶ್ವತವಾಗಿ ಹೆಚ್ಚಾಗಿದ್ದರೆ ಆ ಬೋಲ್ಟಿನ ಬಾಳು ಮುಗಿಯಿತು.

ವಾಲ್ವ್ ಹಿಡಿತ ತಪ್ಪುವ ಬಿಂದು

ರಾಡ್‌ಗಳು ಗಟ್ಟಿಯಾದ ಮೇಲೆ ಬಹುಪಾಲು ಮಸಲ್ ಕಾರುಗಳಲ್ಲಿ ಮಿತಿ ಬಂದು ನಿಲ್ಲುವುದು ವಾಲ್ವ್‌ಗಳಲ್ಲಿ. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದು, ಅದರ ಮೇಲೆ ಲಿಫ್ಟರ್, ಅದರ ಮೇಲೆ ಉದ್ದನೆಯ ಪುಶ್‌ರಾಡ್, ಮುಂದೆ ರಾಕರ್, ಕೊನೆಗೆ ವಾಲ್ವ್ ಇರುವ ಈ ವ್ಯವಸ್ಥೆಯಲ್ಲಿ ತೂಕವೂ ಹೆಚ್ಚು, ಬಾಗುವ ಕೊಂಡಿಗಳೂ ಹೆಚ್ಚು. ಕ್ರ್ಯಾಂಕ್ 300 ಡಿಗ್ರಿ ತಿರುಗುವವರೆಗೆ ವಾಲ್ವನ್ನು ತೆರೆದಿಡುವ ಕ್ಯಾಮ್ ಇದ್ದರೆ 7,000 ಆರ್‌ಪಿಎಂನಲ್ಲಿ ವಾಲ್ವ್ ತೆರೆದು, ಪೂರ್ತಿ ಮೇಲೇರಿ, ಮರಳಿ ಕೂರಲು ಇರುವ ಸಮಯ ಸೆಕೆಂಡಿನ ಸಾವಿರ ಭಾಗಗಳಲ್ಲಿ ಏಳು ಮಾತ್ರ. ತೆರೆಯುವ ಕೆಲಸವನ್ನು ಕ್ಯಾಮ್ ಬಲವಂತವಾಗಿ ಮಾಡಿಸುತ್ತದೆ. ಮುಚ್ಚುವ ಕೆಲಸ ಪೂರ್ತಿಯಾಗಿ ಸ್ಪ್ರಿಂಗಿನದು. ಒಂದು ವೇಗದಾಚೆಗೆ ಲಿಫ್ಟರು ಕ್ಯಾಮಿನ ಮೂಗನ್ನು ದಾಟಿದ ಮೇಲೆ ಅದರ ಮೈಗಂಟಿ ಇಳಿಯದೆ ಗಾಳಿಯಲ್ಲಿ ತೇಲಿ, ನಂತರ ಅಪ್ಪಳಿಸುತ್ತದೆ. ವಾಲ್ವ್ ತನ್ನ ಪೀಠದ ಮೇಲೆ ಬಿದ್ದು ಪುಟಿಯುತ್ತದೆ. ವಾಲ್ವ್ ಫ್ಲೋಟ್ ಎನ್ನುವುದು ಇದನ್ನೇ.

ಹೈಡ್ರಾಲಿಕ್ ಲಿಫ್ಟರ್ ಇರುವ ಎಂಜಿನ್‌ಗಳಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. ಕೊಂಡಿಗಳ ನಡುವೆ ಅಂತರ ಮೂಡಿದ ಕೂಡಲೇ ಲಿಫ್ಟರಿನೊಳಗಿನ ಪ್ಲಂಜರ್ ಎಣ್ಣೆಯ ಒತ್ತಡದಿಂದ ಮೇಲೆದ್ದು ಆ ಅಂತರವನ್ನು ತುಂಬಿಬಿಡುತ್ತದೆ, ಬಳಿಕ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಬೀದಿಗಾಗಿ ತಯಾರಾದ ಹೈಡ್ರಾಲಿಕ್ ವ್ಯವಸ್ಥೆಗಳು ಸಾಮಾನ್ಯವಾಗಿ 6,000 ಆರ್‌ಪಿಎಂ ಆಸುಪಾಸಿನಲ್ಲಿ ಕೈಬಿಡುವುದು ಇದರಿಂದಲೇ. ಜ಼ೆಡ್/28 ಮತ್ತು ಬಾಸ್ 302 ಎರಡಕ್ಕೂ ಒಳಗೆ ಪ್ಲಂಜರ್ ಇಲ್ಲದ ಸಾಲಿಡ್ ಲಿಫ್ಟರ್ ಕೊಟ್ಟದ್ದು ಶೋಕಿಗಲ್ಲ. ನಿಯಮ ಒಪ್ಪುವುದಾದರೆ 6,500ರಾಚೆ ಓಡಿಸುವ ಎಂಜಿನ್‌ಗೆ ಸಾಲಿಡ್ ಲಿಫ್ಟರನ್ನೇ ಆರಿಸಬೇಕು, ಅದರ ಅಂತರವನ್ನು ಪ್ರತಿ ರೇಸಿನ ನಂತರ ಅಳೆಯುವ ಶ್ರಮವನ್ನೂ ಒಪ್ಪಿಕೊಳ್ಳಬೇಕು.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಮಸ್ಯೆ ಮುಗಿಯಿತೆಂದು ತೋರಬಹುದು. ಚಪ್ಪಟೆ ತಳದ ಲಿಫ್ಟರ್ ಬಳಸುವ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಇರುವೆಡೆ ಅದು ಅರ್ಧ ಸತ್ಯ. ಲಿಫ್ಟರಿನ ತಳ ಕ್ಯಾಮಿನ ಮೇಲೆ ಜಾರುತ್ತ ತಿರುಗುವುದರಿಂದ, ಪೂರ್ತಿ ಎತ್ತಿದ ಸ್ಥಿತಿಯಲ್ಲಿ ಸ್ಪ್ರಿಂಗಿನ ಒತ್ತಡ ಸುಮಾರು 350 ಪೌಂಡ್ ದಾಟಿತೆಂದರೆ ಕ್ಯಾಮಿನ ಏಣು ಸವೆಯುವ ಅಪಾಯ ತೀವ್ರವಾಗುತ್ತದೆ. ಆದ್ದರಿಂದ ಮೊದಲು ವಾಲ್ವಿನ ಬದಿಯ ತೂಕ ಇಳಿಸಬೇಕು. ಹಗುರವಾದ ವಾಲ್ವ್, ಟೈಟಾನಿಯಂ ರಿಟೇನರ್ (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಬಿಲ್ಲೆ), ಚಿಕ್ಕ ಕಾಂಡ ಇವೆಲ್ಲ ನೇರವಾಗಿ ಆರ್‌ಪಿಎಂ ತಂದುಕೊಡುತ್ತವೆ. ಪುಶ್‌ರಾಡಿನ ವಿಷಯದಲ್ಲಿ ಮಾತ್ರ ತೂಕಕ್ಕಿಂತ ಬಿಗಿತ ಮುಖ್ಯ. ಅದು ರಾಕರಿನ ಆಚೆ ಬದಿಯಲ್ಲಿ ನಿಧಾನವಾಗಿ ಚಲಿಸುವುದರಿಂದ ಅದರ ಕೆಲವು ಗ್ರಾಂ ತೂಕ ಹೆಚ್ಚೇನೂ ಕಾಡದು, ಆದರೆ ಅದು ಬಾಗಿ ಮತ್ತೆ ನೆಟ್ಟಗಾಗುವಾಗ ವಾಲ್ವನ್ನು ಕವಣೆಯಂತೆ ಎಸೆಯುತ್ತದೆ. ದಪ್ಪ ಗೋಡೆಯ ಪುಶ್‌ರಾಡ್ ಹಾಕಿದ ಮಾತ್ರಕ್ಕೆ ಫ್ಲೋಟ್ ಬಿಂದು ಮೇಲೇರಿದ ಉದಾಹರಣೆಗಳು ಬೇಕಾದಷ್ಟಿವೆ.

ಜೋಡಣೆಯ ಹೊತ್ತಿನಲ್ಲಿ ಮೂರು ಅಳತೆಗಳನ್ನು ತಪ್ಪದೆ ತೆಗೆಯಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದನ್ನೊಂದು ಮುಟ್ಟುವ ಮೊದಲು ಒಟ್ಟು 1.5 ಮಿಲಿಮೀಟರಿನಷ್ಟು ಜಾಗ ಉಳಿದಿರಬೇಕು. ತೀರಾ ಹೆಚ್ಚು ಜಾಗವೂ ಒಳ್ಳೆಯದಲ್ಲ, ಏಕೆಂದರೆ ಸಡಿಲವಾದ ಸುರುಳಿಗಳು ಸ್ಪ್ರಿಂಗಿನ ಸ್ವಂತ ಕಂಪನಕ್ಕೆ ಎಡೆಮಾಡುತ್ತವೆ. ರಿಟೇನರ್ ಕೆಳಗಿಳಿದಾಗ ವಾಲ್ವ್ ಗೈಡಿನ ಸೀಲಿಗೆ ತಾಗಬಾರದು. ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಒಳಸೇದುವ ಕಡೆ 2 ಮಿಲಿಮೀಟರ್, ಹೊಗೆಯ ಕಡೆ 2.5 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಹೊಗೆಯ ವಾಲ್ವಿಗೆ ಹೆಚ್ಚು ಬಿಡುವುದೇಕೆಂದರೆ, ಅದು ಮುಚ್ಚಿಕೊಳ್ಳಲು ತಡಮಾಡಿದರೆ ಮೇಲೇರಿ ಬರುತ್ತಿರುವ ಪಿಸ್ಟನ್ ಅದನ್ನು ಬೆನ್ನಟ್ಟಿ ಹಿಡಿಯುತ್ತದೆ. ಹೊಸ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮನ್ನು ಪಳಗಿಸುವಾಗ ಜೋಡಿ ಸ್ಪ್ರಿಂಗ್ ಇದ್ದರೆ ಒಳಸ್ಪ್ರಿಂಗ್ ತೆಗೆದಿಟ್ಟು, ಸತುವಿನ ಅಂಶ ಸಾಕಷ್ಟಿರುವ ಎಣ್ಣೆ ಬಳಸಿ, ಎಂಜಿನ್ ಚಾಲೂ ಆದ ಕ್ಷಣದಿಂದ 2,000 ಆರ್‌ಪಿಎಂಗಿಂತ ಕೆಳಗಿಳಿಸದೆ 20ರಿಂದ 30 ನಿಮಿಷ ಓಡಿಸಬೇಕು.

ಎಣ್ಣೆ ಎಲ್ಲಿ ಹೋಯಿತು

ಡ್ರ್ಯಾಗ್ ರೇಸಿನ ಕೆಲವೇ ಸೆಕೆಂಡುಗಳಲ್ಲಿ ಬಯಲಾಗದ ದೌರ್ಬಲ್ಯ ತಿರುವುಗಳಿರುವ ಟ್ರ್ಯಾಕಿನಲ್ಲಿ ಹತ್ತು ನಿಮಿಷದೊಳಗೆ ಬಯಲಾಗುತ್ತದೆ. ಕಾರು ತಿರುವಿನಲ್ಲಿ 1 ಜಿ (ಗುರುತ್ವದಷ್ಟೇ) ಅಡ್ಡಬಲ ಅನುಭವಿಸಿದಾಗ ಎಂಜಿನ್ ತಳದ ಪ್ಯಾನಿನಲ್ಲಿರುವ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಪಂಪಿನ ಬಾಯಿ ಗಾಳಿ ಹೀರಿದರೆ ಬೇರಿಂಗಿಗೆ ತಲುಪುವುದೂ ಗಾಳಿಯೇ. ಇದರೊಂದಿಗೆ, ಹೆಚ್ಚಿನ ಸುತ್ತಿನಲ್ಲಿ ಪಂಪು ಸಿಲಿಂಡರ್ ಹೆಡ್‌ಗಳಿಗೆ ಕಳುಹಿಸಿದ ಎಣ್ಣೆ ಅಷ್ಟೇ ಬೇಗ ಕೆಳಗಿಳಿಯುವುದಿಲ್ಲ, ತಿರುಗುವ ಕ್ರ್ಯಾಂಕ್ ಒಂದಿಷ್ಟನ್ನು ತನ್ನ ಸುತ್ತ ಸುಳಿಯಂತೆ ಎತ್ತಿಹಿಡಿಯುತ್ತದೆ. ಫೋರ್ಡ್ 1968ರ ಟ್ರಾನ್ಸ್-ಆಮ್‌ಗೆ ತಂದ ಟನಲ್ ಪೋರ್ಟ್ 302 ಎಂಜಿನ್, ಪುಶ್‌ರಾಡ್‌ಗಳು ಪೋರ್ಟಿನ ನಡುವೆಯೇ ಕೊಳವೆಯೊಳಗೆ ಹಾದುಹೋಗುವಷ್ಟು ಅಗಲವಾದ ಗಾಳಿದಾರಿ ಹೊಂದಿದ್ದರೂ, ಆ ವರ್ಷ ಮೇಲಿಂದ ಮೇಲೆ ಕೆಟ್ಟು ಕುಖ್ಯಾತವಾಯಿತು. ಅಗಲವಾದ ಪೋರ್ಟ್ ಎಂಜಿನ್ನನ್ನು ಮೇಲಿನ ಸುತ್ತುಗಳಿಗೆ ದೂಡಿತು, ಕೆಳಗಿನ ಅಂಗಗಳು ಅಲ್ಲಿ ಬಾಳಲಿಲ್ಲ. ಮುಂದಿನ ವರ್ಷ ಬಾಸ್ 302 ಬಂದದ್ದು ಈ ಹಿನ್ನೆಲೆಯಲ್ಲಿ.

ಆದ್ದರಿಂದ ಪ್ಯಾನಿನೊಳಗೆ ಒಮ್ಮುಖವಾಗಿ ತೆರೆಯುವ ಬಾಗಿಲುಗಳಿರುವ ಅಡ್ಡಗೋಡೆಗಳು, ಕ್ರ್ಯಾಂಕಿನ ಕೆಳಗೆ ಎಣ್ಣೆಯನ್ನು ಆ ಸುಳಿಯಿಂದ ದೂರವಿಡುವ ಒಂದು ವಿಂಡೇಜ್ ಟ್ರೇ, ಮತ್ತು ನಿಯಮ ಬಿಟ್ಟರೆ ಒತ್ತಡದಲ್ಲಿ ಎಣ್ಣೆ ಕೂಡಿಟ್ಟು ಬೇಕಾದಾಗ ಬಿಡುವ ಸಂಚಯಕ, ಇಷ್ಟನ್ನು ಒದಗಿಸಬೇಕು. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಎಂಬ ಹಳೆಯ ಲೆಕ್ಕ ಈಗಲೂ ಉಪಯುಕ್ತ; 7,000ಕ್ಕೆ 70 ಇರಲಿ. ಅದಕ್ಕಿಂತ ಹೆಚ್ಚಿಸಲು ದೊಡ್ಡ ಪಂಪ್ ಹಾಕುವುದರಿಂದ ಪ್ಯಾನ್ ಇನ್ನಷ್ಟು ಬೇಗ ಬರಿದಾಗಬಹುದು. ಬೇರಿಂಗ್ ಅಂತರಕ್ಕೆ ಜರ್ನಲ್‌ನ ಪ್ರತಿ ಇಂಚು ವ್ಯಾಸಕ್ಕೆ 0.001 ಇಂಚು, ಮೇಲೆ ತುಸು ಹೆಚ್ಚು ಎಂದು ಇಟ್ಟುಕೊಳ್ಳುವುದು ರೂಢಿ. ಜರ್ನಲ್‌ನ ವ್ಯಾಸವೂ ಸ್ವತಃ ಒಂದು ಮಿತಿಯೇ. ಪಾಂಟಿಯಾಕ್ 455ರ 3.25 ಇಂಚಿನ ಮೇನ್ ಜರ್ನಲ್‌ನ ಹೊರಮೈ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಜಾರಿದರೆ, ಷೆವ್ರೊಲೆಯ 2.45 ಇಂಚಿನದು ಅದೇ ಸುತ್ತಿನಲ್ಲಿ 20 ಮೀಟರಿಗೂ ಕಡಿಮೆ. ಮೇಲ್ಮೈ ವೇಗ ಹೆಚ್ಚಾದಷ್ಟೂ ಎಣ್ಣೆ ಕಾಯುತ್ತದೆ, ಕಾದ ಎಣ್ಣೆಯ ಪದರ ತೆಳುವಾಗುತ್ತದೆ.

ತಿರುಗುವ ಭಾಗಗಳು ಮತ್ತು ಚಾಲಕನ ಕಾಲು

ಪ್ರತಿ ದಹನವೂ ಕ್ರ್ಯಾಂಕ್‌ಶಾಫ್ಟನ್ನು ತುಸು ತಿರುಚಿ ಬಿಡುತ್ತದೆ, ಕೆಲವು ನಿರ್ದಿಷ್ಟ ಆರ್‌ಪಿಎಂಗಳಲ್ಲಿ ಈ ತಿರುಚು ಅನುರಣನಗೊಂಡು ಬೆಳೆಯುತ್ತದೆ. ಮುಂಭಾಗದ ಡ್ಯಾಂಪರ್ ಇರುವುದು ಅದನ್ನು ತಗ್ಗಿಸಲು. ಐವತ್ತು ವರ್ಷ ಹಳೆಯ ರಬ್ಬರಿನ ಡ್ಯಾಂಪರನ್ನು ರೇಸ್ ಎಂಜಿನ್ ಮೇಲೆ ಬಿಡಬಾರದು. ಅದರ ನಡುಗುಂಬ, ರಬ್ಬರ್ ಮತ್ತು ಹೊರಬಳೆ ಮೂರನ್ನೂ ದಾಟುವಂತೆ ಬಣ್ಣದ ಗೆರೆಯೊಂದನ್ನು ಎಳೆದು ಓಡಿಸಿ ನೋಡಿದರೆ, ಗೆರೆ ತುಂಡಾಗಿ ಜರುಗಿದ್ದಲ್ಲಿ ಅದು ಸಡಿಲಗೊಂಡಿದೆಯೆಂದು ಗೊತ್ತಾಗುತ್ತದೆ. ಹೊಸದು ರೇಸ್ ಬಿಡಿಭಾಗಗಳ ಸುರಕ್ಷತಾ ಮಾನದಂಡವಾದ ಎಸ್‌ಎಫ್‌ಐನ 18.1 ಗುರುತಿನದಾಗಿರಲಿ. ಅಷ್ಟೇ ಮುಖ್ಯವಾಗಿ, ಕಾರ್ಖಾನೆಯ ಎರಕದ ಕಬ್ಬಿಣದ ಫ್ಲೈವೀಲನ್ನು ತೆಗೆದುಹಾಕಿ ಎಸ್‌ಎಫ್‌ಐ 1.1 ಗುರುತಿನ ಉಕ್ಕಿನ ಫ್ಲೈವೀಲ್ ಮತ್ತು ಕ್ಲಚ್, ಹಾಗೂ ಅವನ್ನು ಸುತ್ತುವರಿಯುವ ಕವಚವಾದ ಎಸ್‌ಎಫ್‌ಐ 6.1 ಗುರುತಿನ ಬೆಲ್‌ಹೌಸಿಂಗ್ ಹಾಕಬೇಕು. ಒಡೆದ ಫ್ಲೈವೀಲಿನ ಚೂರುಗಳು ನೇರವಾಗಿ ಚಾಲಕನ ಪಾದಗಳ ಕಡೆಗೆ ಬರುತ್ತವೆ. ಬೇರೆ ಮಿತಿಗಳಲ್ಲಿ ನಷ್ಟವಾಗುವುದು ಹೆಚ್ಚಾಗಿ ಹಣ ಮಾತ್ರ.

ಉಸಿರು ಮತ್ತು ಕಿಡಿ

ಯಾಂತ್ರಿಕವಾಗಿ 8,000 ತಾಳುವ ಎಂಜಿನ್ ಅಲ್ಲಿ ಶಕ್ತಿ ಕೊಡುವುದೇ ಎಂಬುದು ಬೇರೆಯೇ ವಿಚಾರ. ಘನ ಇಂಚುಗಳನ್ನು ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ, ಸಿಲಿಂಡರ್‌ಗಳು ಪೂರ್ತಿ ತುಂಬುತ್ತವೆಂಬ ಊಹೆಯಲ್ಲಿ ಎಂಜಿನ್‌ಗೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕೆಂದು ತಿಳಿಯುತ್ತದೆ. 302ಕ್ಕೆ 8,000ದಲ್ಲಿ ಅದು ಸುಮಾರು 700. ಜ಼ೆಡ್/28 ಮತ್ತು ಬಾಸ್ 302ಗಳ ಮೇಲಿದ್ದ ಹೋಲಿ ಕಾರ್ಬುರೇಟರ್ ನಿಮಿಷಕ್ಕೆ 780 ಘನ ಅಡಿಯದ್ದಾಗಿದ್ದುದು ಆಕಸ್ಮಿಕವಲ್ಲ. ವಾಲ್ವ್ ದೊಡ್ಡದಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ ಎಂಬುದಕ್ಕೆ ಫೋರ್ಡ್‌ನ ಸ್ವಂತ ತಿದ್ದುಪಡಿಯೇ ಸಾಕ್ಷಿ: 1969ರ ಬಾಸ್ 302ರಲ್ಲಿ 2.23 ಇಂಚಿದ್ದ ಇನ್‌ಟೇಕ್ ವಾಲ್ವನ್ನು 1970ರಲ್ಲಿ 2.19ಕ್ಕೆ ಇಳಿಸಲಾಯಿತು. ಕಿಡಿಯ ಮಾತಿಗೆ ಬಂದರೆ, ಎಂಟು ಸಿಲಿಂಡರ್‌ಗಳ ಎಂಜಿನ್ 8,000ದಲ್ಲಿ ಸೆಕೆಂಡಿಗೆ 533 ಕಿಡಿ ಬೇಡುತ್ತದೆ. ಸಂಪರ್ಕ ತುದಿಗಳು ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಹಳೆಯ ಪಾಯಿಂಟ್ಸ್ ವ್ಯವಸ್ಥೆಯಲ್ಲಿ ಕಾಯಿಲ್ ತುಂಬಿಕೊಳ್ಳಲು ಅಷ್ಟು ಸಮಯ ಸಿಗುವುದಿಲ್ಲ, ಪಾಯಿಂಟ್‌ಗಳೂ ಪುಟಿಯುತ್ತವೆ. ನಿಯಮ ಒಪ್ಪುವಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಕಿ ಈ ತೊಡಕನ್ನು ನಿವಾರಿಸಬಹುದು.

ಸಂಖ್ಯೆಯನ್ನು ನಿರ್ಧರಿಸುವುದು

ಇಷ್ಟಾದ ಮೇಲೆ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಎಂಜಿನ್ನನ್ನು ಅಳೆಯಬೇಕು. ಶಕ್ತಿಯ ರೇಖೆ ತುತ್ತತುದಿ ತಲುಪಿ ಇಳಿಯತೊಡಗುವುದು ಸಹಜ. ಅದು ಏಕಾಏಕಿ ಮುರಿದು ಬಿದ್ದರೆ ಅಥವಾ ನಡುಗಿದರೆ ಅಲ್ಲಿ ವಾಲ್ವ್‌ಗಳು ಹಿಡಿತ ಕಳೆದುಕೊಂಡಿವೆ ಎಂದರ್ಥ. ಆ ಬಿಂದುವಿಗಿಂತ ಕನಿಷ್ಠ 300 ಆರ್‌ಪಿಎಂ ಕೆಳಗೆ ವಾಲ್ವ್‌ಗಳ ಮಿತಿಯನ್ನು ಗುರುತು ಹಾಕಿಕೊಳ್ಳಬೇಕು. ನಂತರ ರಾಡ್, ಎಣ್ಣೆ ಮತ್ತು ಡ್ಯಾಂಪರಿನ ಮಿತಿಗಳನ್ನು ಅದರ ಪಕ್ಕದಲ್ಲಿ ಬರೆದು, ಎಲ್ಲಕ್ಕಿಂತ ಕೆಳಗಿನದನ್ನು ಆರಿಸಬೇಕು.

ಆದರೆ ಗೇರ್ ಬದಲಿಸುವ ಬಿಂದು ಇದೇ ಆಗಬೇಕಿಲ್ಲ. ಅದನ್ನು ತೀರ್ಮಾನಿಸುವುದು ಗೇರ್‌ಬಾಕ್ಸ್. 2.20, 1.64, 1.28 ಮತ್ತು 1.00 ಅನುಪಾತಗಳಿರುವ ಮನ್ಸಿ ಕ್ಲೋಸ್ ರೇಶಿಯೊ ಗೇರ್‌ಬಾಕ್ಸಿನಲ್ಲಿ 7,000ಕ್ಕೆ ಬದಲಿಸಿದರೆ ಎರಡನೆಯ ಗೇರಿಗೆ 5,200, ಮೂರು ಮತ್ತು ನಾಲ್ಕನೆಯದಕ್ಕೆ ಸುಮಾರು 5,460 ಆರ್‌ಪಿಎಂಗೆ ಸುತ್ತು ಇಳಿಯುತ್ತದೆ. ಅಂದರೆ ರೇಸಿನುದ್ದಕ್ಕೂ ಎಂಜಿನ್ ಕೆಲಸ ಮಾಡುವುದು 5,200ರಿಂದ 7,000ದೊಳಗೆ. ಕ್ಯಾಮ್ ಆಯ್ಕೆ ಈ ಕಿಟಕಿಗೆ ಹೊಂದಬೇಕು. ಈ ಗೇರಿನಲ್ಲಿ ಚಕ್ರಕ್ಕೆ ಸಿಗುವ ಟಾರ್ಕ್ ಮುಂದಿನ ಗೇರಿನಲ್ಲಿ ಸಿಗುವುದಕ್ಕಿಂತ ಕಡಿಮೆಯಾಗುವ ಕ್ಷಣವೇ ಬದಲಿಸಲು ತಕ್ಕ ಕ್ಷಣ. ಶಕ್ತಿ 6,400ರಲ್ಲಿ ತುದಿ ಮುಟ್ಟುವ ಎಂಜಿನ್ನನ್ನು 7,500ಕ್ಕೆ ಎಳೆಯುವುದರಿಂದ ಕಿವಿಗೆ ಹಬ್ಬವಾಗಬಹುದು, ಲ್ಯಾಪ್ ಸಮಯಕ್ಕೆ ಲಾಭವಿಲ್ಲ.

ಹಿಂದಿನ ಆಕ್ಸಲಿನ ಅನುಪಾತವನ್ನು ಇದರಿಂದಲೇ ಲೆಕ್ಕಹಾಕಬೇಕು. 26 ಇಂಚು ವ್ಯಾಸದ ಟೈರಿನ ಸುತ್ತಳತೆ ಸುಮಾರು 2.07 ಮೀಟರ್. ಟ್ರ್ಯಾಕಿನ ಅತಿ ಉದ್ದದ ನೇರದಾರಿಯ ಕೊನೆಯಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗ ತಲುಪುವ ಕಾರಿನಲ್ಲಿ, ನಾಲ್ಕನೆಯ ಗೇರಿನಲ್ಲಿ 3.73 ಅನುಪಾತ ಸುಮಾರು 6,000, 4.10 ಅನುಪಾತ 6,600, 4.56 ಅನುಪಾತ 7,300 ಆರ್‌ಪಿಎಂ ತೋರಿಸುತ್ತದೆ. 7,000 ಮಿತಿಯ ಎಂಜಿನ್‌ಗೆ 4.10 ತಕ್ಕದ್ದು, ಇನ್ನೊಂದು ಕಾರಿನ ಹಿಂದೆ ಗಾಳಿಯ ಆಸರೆ ಸಿಕ್ಕಿ ವೇಗ ಏರಿದರೂ ಸ್ವಲ್ಪ ಎಡೆ ಉಳಿದಿರುತ್ತದೆ.

ರೆವ್ ಲಿಮಿಟರ್ ಹಾಕಲೇಬೇಕು, ಆದರೆ ಅದರ ಮೇಲೆ ಭಾರ ಹಾಕಿ ನಿಶ್ಚಿಂತರಾಗಬಾರದು. ಬೀದಿಯ ಬಾಸ್ 302ರಲ್ಲಿ ಫೋರ್ಡ್ ಸುಮಾರು 6,150 ಆರ್‌ಪಿಎಂಗೆ ಕಿಡಿ ಕಡಿಯುವ ಪೆಟ್ಟಿಗೆ ಇಟ್ಟಿತ್ತು, ಅನೇಕ ಮಾಲೀಕರು ಅದರ ತಂತಿ ಕಿತ್ತರು. ಲಿಮಿಟರ್ ತಡೆಯುವುದು ಎಂಜಿನ್ ತಾನಾಗಿ ಏರುವುದನ್ನು ಮಾತ್ರ. ಮೂರನೆಯ ಗೇರಿನಲ್ಲಿ 7,000ದಲ್ಲಿದ್ದಾಗ ನಾಲ್ಕನೆಯದರ ಬದಲು ಕೈತಪ್ಪಿ ಎರಡನೆಯದಕ್ಕೆ ಎಳೆದು ಕ್ಲಚ್ ಬಿಟ್ಟರೆ, ಹಿಂದಿನ ಚಕ್ರಗಳೇ ಎಂಜಿನ್ನನ್ನು 9,000ದ ಹತ್ತಿರಕ್ಕೆ ತಳ್ಳುತ್ತವೆ. ಆಗ ಕಿಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಗೇರ್ ಲಿವರಿನ ಬುಶ್‌ಗಳು ಸಡಿಲವಿಲ್ಲದಂತೆ ನೋಡಿಕೊಳ್ಳುವುದು, ಎಂಜಿನ್ ಮೌಂಟ್ ಭದ್ರವಾಗಿರುವುದು, ಬ್ರೇಕ್ ಹಾಕಿ ವೇಗ ಇಳಿದ ಮೇಲೆಯೇ ಕೆಳಗಿನ ಗೇರಿಗೆ ಬರುವುದು, ಇವೆಲ್ಲ ಆರ್‌ಪಿಎಂ ಮಿತಿಯ ವಿಷಯಗಳೇ. ಹಳೆಯ ಟ್ಯಾಕೋಮೀಟರ್ ಕೆಲವು ನೂರು ಆರ್‌ಪಿಎಂ ಸುಳ್ಳು ಹೇಳುವುದು ಅಪರೂಪವಲ್ಲವಾದ್ದರಿಂದ ಅದನ್ನು ಡಿಜಿಟಲ್ ಉಪಕರಣದೊಂದಿಗೆ ಹೋಲಿಸಿ ನೋಡಬೇಕು. ಅತಿ ಹೆಚ್ಚಿನ ಸುತ್ತನ್ನು ನೆನಪಿಟ್ಟುಕೊಳ್ಳುವ ಸೂಚಿಯೋ ಡೇಟಾ ಲಾಗರೋ ಇದ್ದರೆ ಚಾಲಕನ ನೆನಪನ್ನು ಅವಲಂಬಿಸಬೇಕಾಗಿಲ್ಲ.

ಪ್ರತಿ ರೇಸಿನ ನಂತರ ವಾಲ್ವ್ ಅಂತರ ಅಳೆದು ಬರೆದಿಡಬೇಕು. ಒಂದೇ ವಾಲ್ವಿನ ಅಂತರ ಹೆಚ್ಚುತ್ತ ಹೋದರೆ ಕ್ಯಾಮಿನ ಏಣು ಅಥವಾ ಲಿಫ್ಟರ್ ಸವೆಯುತ್ತಿದೆ. ಕುಗ್ಗುತ್ತ ಹೋದರೆ ವಾಲ್ವ್ ಪೀಠದೊಳಕ್ಕೆ ಇಳಿಯುತ್ತಿದೆ ಅಥವಾ ಅದರ ಕಾಂಡ ಹಿಗ್ಗುತ್ತಿದೆ. ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಬೇಕು, ಅಲ್ಲಿ ಮಿನುಗುವ ಕಣಗಳು ಅಯಸ್ಕಾಂತಕ್ಕೆ ಅಂಟಿದರೆ ಕ್ಯಾಮ್ ಅಥವಾ ಲಿಫ್ಟರ್, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್ ಎಂದು ಅನುಮಾನಿಸಬೇಕು. ಸ್ಪ್ರಿಂಗಿನ ಒತ್ತಡ ಹೊಸದಾಗಿದ್ದಾಗಿನದಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಎಲ್ಲ ಸ್ಪ್ರಿಂಗ್‌ಗಳನ್ನೂ ಒಟ್ಟಿಗೆ ಬದಲಿಸಬೇಕು. ಸೂಚಿಯು ಮಿತಿಗಿಂತ 500 ಆರ್‌ಪಿಎಂ ಅಥವಾ ಅದಕ್ಕೂ ಹೆಚ್ಚು ಮೀರಿದ್ದನ್ನು ತೋರಿಸಿದರೆ, ಎಂಜಿನ್ ಎಷ್ಟೇ ನಯವಾಗಿ ಓಡುತ್ತಿರಲಿ, ಮುಂದಿನ ಸುತ್ತಿಗೆ ಇಳಿಸದೆ ವಾಲ್ವ್ ಅಂತರ, ಪುಶ್‌ರಾಡ್‌ಗಳ ನೇರ ಮತ್ತು ಸಿಲಿಂಡರಿನ ಸೋರಿಕೆಯನ್ನು ಅಲ್ಲಿಯೇ ಪರೀಕ್ಷಿಸಿ, ಕಾರು ಮನೆ ಸೇರಿದ ಮೇಲೆ ಪ್ಯಾನ್ ಇಳಿಸಿ ರಾಡ್ ಬೋಲ್ಟ್‌ಗಳನ್ನು ಅಳೆಯಬೇಕು.